ಅರ್ಧಕ್ಕೆ ಬತ್ತಿಸಿದ ನೀರು

ಶಿವನಿ
೯ ಜೂನ್ ೨೦೨೪

ಸುಮನಾ,

ನೀನು ಫೋನ್ ಎತ್ತುವುದಿಲ್ಲ, ಬಾಟಲಿಯನ್ನಾದರೂ ಎತ್ತಿಕೊ. ದಿನಾ ರೈಲಿನಲ್ಲಿ ಕಡೂರಿಗೆ ಹೋಗಿ ಬರುವ ಗಂಗಾಧರಯ್ಯ ಮೇಷ್ಟ್ರ ಕೈಯಲ್ಲಿ ಕಳಿಸುತ್ತಿದ್ದೇನೆ. ಇದು ನಮ್ಮ ಸೀಗೆಹಳ್ಳದ ನೀರು. ನಿನ್ನ ಲ್ಯಾಬಿನಲ್ಲಿ ಊರೂರಿನ ನೀರು ಪರೀಕ್ಷೆ ಮಾಡುತ್ತೀಯಲ್ಲ, ಹುಟ್ಟಿದೂರಿನದೂ ಒಂದು ಮಾಡು.

ನಿನಗೆ ಎರಡು ತಿಂಗಳೆಂದು ಅಳಿಯಂದಿರು ಕಲ್ಲೇಶಪ್ಪನವರು ನಿಮ್ಮಪ್ಪನಿಗೆ ಹೇಳಿದರು, ನಿಮ್ಮಪ್ಪ ನನಗೆ ಹೇಳಿದರು. ನನಗೆ ನೇರ ಹೇಳಲು ನಿನಗೆ ಬಾಯಿ ಬರಲಿಲ್ಲ. ಬೇಜಾರಾಯಿತು. ಆದರೂ ದೇವರ ಮುಂದೆ ಕೂತು ಸಂತೋಷಕ್ಕೇ ಅತ್ತೆ, ಅದನ್ನೂ ಬರೆದುಬಿಡುತ್ತೇನೆ.

ಈ ಸಲದ ಬಾಣಂತನವೂ ನನ್ನದೇ. ಊರಿನಲ್ಲಿ ಮೂವತ್ತೆರಡು ಬಾಣಂತನ ಮಾಡಿದ್ದೇನೆ, ಸ್ವಂತ ಮಗಳದೊಂದರಲ್ಲೇ ಸೋತೆ. ಅವತ್ತು ನಿನಗೆ ಎದೆಹಾಲು ಸಾಲದೆ ಪಾಪುವಿಗೆ ಪುಡಿಹಾಲು ಕಲಸಿ ಕೊಡಬೇಕಾಯಿತು. ನಲವತ್ತೊಂದನೇ ದಿನ ಕೂಸು ಮೈ ನೀಲಿಗಟ್ಟಿ ಹೋಯಿತು. ಹೊಲಕ್ಕೆ ಹಾಕಿದ ಗೊಬ್ಬರ ನೀರಿಗೆ ಇಳಿದಿದೆ, ನೀರಿನಲ್ಲಿ ನೈಟ್ರೇಟ್ ಇದೆ ಎಂದರು ಡಾಕ್ಟರು. ನೈಟ್ರೇಟೋ ಮತ್ತೊಂದೋ, ಕುದಿಯುವ ನೀರಿನಲ್ಲಿ ಯಾವ ವಿಷ ಉಳಿಯುತ್ತದೆ? ನಾನು ಒಂದು ದಿನವೂ ಹಸಿ ನೀರು ಕೊಟ್ಟವಳಲ್ಲ. ನಾನು ಸಖರಾಯಪಟ್ಟಣದ ಮದುವೆಗೆ ಹೋಗಿದ್ದ ಒಂದು ದಿನ ನಿಮ್ಮಪ್ಪ ಕೊಡದಲ್ಲಿದ್ದ ನೀರಿಗೇ ಪುಡಿ ಕಲಸಿದರು. ಆ ಒಂದು ದಿನವೇ ಸಾಕಾಯಿತು.

ಅವರೂ ಸುಮ್ಮನೆ ಕೂತಿಲ್ಲ ಬಿಡು. ಅಂದಿನಿಂದ ಈರುಳ್ಳಿ ಹೊಲಕ್ಕೆ ಒಂದು ಕಾಳು ಯೂರಿಯಾ ಹಾಕಿಲ್ಲ. ಹಳ್ಳದ ದಂಡೆಯ ಮನೆಮನೆಗೂ ಹೋಗಿ ಕೈಮುಗಿದು, ಕಡೆಗೆ ತೀರ್ಥಮ್ಮನನ್ನೂ ಒಪ್ಪಿಸಿದರು. ತೀರ್ಥಮ್ಮನ ಬಾಯಿ ನಿನಗೆ ಗೊತ್ತು, ಅವಳೇ ಒಪ್ಪಿದ ಮೇಲೆ ಉಳಿದವರದೇನು. ಎರಡು ವರ್ಷ ದಾಟಿತು. ನೀರು ಸರಿಹೋಗಿರಬೇಕು. ನೋಡಿ ಬರೆ.

ನಿನ್ನ ದಾರಿ ಕಾಯುವ
ಅಮ್ಮ


ಕಡೂರು
೨೦ ಜೂನ್ ೨೦೨೪

ಅಮ್ಮನಿಗೆ,

ನೈಟ್ರೇಟ್ ಲೀಟರಿಗೆ ೯೭ ಮಿಲಿಗ್ರಾಂ ಬಂದಿದೆ. ಕುಡಿಯುವ ನೀರಿನಲ್ಲಿ ೪೫ ದಾಟಬಾರದು.

ಮಳೆ ಹಿಡಿಯುವ ಮುಂಚೆ ಹಳ್ಳದಲ್ಲಿ ಹರಿಯುವುದು ಮಳೆನೀರಲ್ಲ, ಹೊಲಗಳ ಅಡಿಯಿಂದ ಬಸಿದು ಬರುವ ನೀರು. ನೀನು ಬಾಣಂತಿಯರಿಗೆಂದು ಹಳ್ಳದ ಮರಳಿನಲ್ಲಿ ಒರತೆ ತೋಡಿ ತರುತ್ತೀಯಲ್ಲ, ಅದೂ ಅದೇ ನೀರು. ಮರಳು ಕೆಸರನ್ನು ಸೋಸುತ್ತದೆ, ನೈಟ್ರೇಟನ್ನು ಸೋಸುವುದಿಲ್ಲ.

ತಿಂಗಳಿಗೊಂದು ಬಾಟಲಿ ಕಳಿಸು. ಅದೇ ನೀರಿನಿಂದ ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿ, ತಾರೀಖು ಬರೆ. ಸತತವಾಗಿ ಮೂರು ತಿಂಗಳು ೪೫ರ ಕೆಳಗೆ ಬಂದರೆ ಬಾಣಂತನಕ್ಕೆ ಬರುತ್ತೇನೆ. ಬರದಿದ್ದರೆ ಇಲ್ಲ.

ಕುದಿಸಿದ ಮಾತು, ಅಪ್ಪನ ಮಾತು ನನ್ನ ಹತ್ತಿರ ತೆಗೆಯಬೇಡ. ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಸುಮನಾ


ಶಿವನಿ
೧೮ ಆಗಸ್ಟ್ ೨೦೨೪

ಸುಮನಾ,

ಜುಲೈ ನೀರಿಗೆ ನೀನು ಕಳಿಸಿದ ಚೀಟಿ ಬಂತು. ೬೧ ಎಂದು ಒಂದು ಅಂಕಿ, ಮಿಕ್ಕಿದ್ದೆಲ್ಲ ಬಿಳಿ ಹಾಳೆ. ಕಡೂರಿನಲ್ಲಿ ಶಾಯಿಗೆ ಅಷ್ಟೊಂದು ಬರವೇ? ಆದರೂ ತೊಂಬತ್ತೇಳು ಹೋಗಿ ಅರವತ್ತೊಂದಾಯಿತಲ್ಲ. ನಿಮ್ಮಪ್ಪ ಎರಡೂ ಅಂಕಿಗಳನ್ನು ಸೀಮೆಸುಣ್ಣದಲ್ಲಿ ಕೋಣೆಯ ಬಾಗಿಲ ಹಿಂದೆ ಬರೆದಿದ್ದಾರೆ. ಹೋಗುತ್ತಾ ಬರುತ್ತಾ ಅದನ್ನೇ ನೋಡುತ್ತಾರೆ, ಮೇಷ್ಟ್ರು ಮಾರ್ಕ್ಸ್ ಹಾಕಿದ ಹುಡುಗರ ಹಾಗೆ.

ಮಳೆ ಚೆನ್ನಾಗಿದೆ. ಹಳ್ಳ ದಂಡೆಯ ಸೀಗೆ ಮೆಳೆಯವರೆಗೂ ಬಂದಿದೆ. ಇವತ್ತಿನ ಬಾಟಲಿಗೆ ನಾನೇ ಸೊಂಟದ ಮಟ್ಟ ಇಳಿದೆ.

ಇದೆಲ್ಲ ಯಾಕೆ, ನಾಲ್ಕು ತಿಂಗಳು ಅಜ್ಜಂಪುರದಿಂದ ಕ್ಯಾನ್ ನೀರು ತರಿಸಿದರಾಯಿತು ಎನ್ನುತ್ತಾರೆ ನಿಮ್ಮಪ್ಪ. ತವರಿಗೆ ಬಂದವಳಿಗೆ ಊರಿನ ನೀರು ಕೊಡಲಾಗದಿದ್ದರೆ ಅದು ಯಾವ ತವರು? ನನಗೆ ಅದು ಒಪ್ಪುವುದಿಲ್ಲ. ನಿನ್ನನ್ನು ಹೆತ್ತಾಗ ನನ್ನಮ್ಮ ಇದೇ ಒರತೆಯ ನೀರು ಕಾಯಿಸಿ ಕೊಟ್ಟಿದ್ದಳು, ನನಗೂ ಏನಾಗಲಿಲ್ಲ, ನಿನಗೂ ಏನಾಗಲಿಲ್ಲ.

ತೀರ್ಥಮ್ಮನ ಸೊಸೆ ಅಕ್ಷತಾಗೆ ಡಿಸೆಂಬರಿಗೆ ದಿನ ತುಂಬುತ್ತದೆ. ನೀವೇ ಬಂದು ಮಾಡಬೇಕು ವಿಶಾಲಕ್ಕಾ ಎಂದು ಈಗಲೇ ಎಲೆ ಅಡಿಕೆ ಕೊಟ್ಟು ಹೋಗಿದ್ದಾಳೆ. ಅದು ಮುಗಿಯುವ ಹೊತ್ತಿಗೆ ನಿನ್ನದು. ವಾಂತಿ ನಿಂತಿತೇ? ಅದನ್ನಾದರೂ ಬರೆ.

ಅಮ್ಮ


ಕಡೂರು
೨೭ ಸೆಪ್ಟೆಂಬರ್ ೨೦೨೪

ಅಮ್ಮ,

ಆಗಸ್ಟ್ ೪೩. ಸೆಪ್ಟೆಂಬರ್ ೩೮. ಎರಡನ್ನೂ ಎರಡೆರಡು ಸಲ ನೋಡಿದೆ.

ವಾಂತಿ ನಿಂತಿದೆ. ಈಗ ವಿಪರೀತ ಹಸಿವು. ನೀನು ಮಾಡುವ ಹುರಿಗಾಳು ಚಟ್ನಿಪುಡಿ ನೆನಪಾಗಿ ನಿನ್ನೆ ಬಾಯಲ್ಲಿ ನೀರೂರಿತು. ಮೇಷ್ಟ್ರ ಕೈಯಲ್ಲಿ ಕಳಿಸುತ್ತೀಯಾ?

ಇದು ಮಳೆನೀರು ಬೆರೆತು ತೆಳುವಾಗಿರುವುದೂ ಇರಬಹುದು, ಈಗಲೇ ಆಸೆ ಪಡಬೇಡ ಎಂದು ನಿನಗೆ ಬರೆಯಬೇಕೆಂದು ಕೂತೆ. ಆದರೆ ಆಸೆ ನನಗೂ ಆಗಿದೆ. ನನಗೆ ಇಲ್ಲಿ ಹೆದರಿಕೆ ಅಮ್ಮ. ಮಗು ಒಳಗೆ ಮಿಸುಕಿದಾಗಲೆಲ್ಲ ಮೊದಲು ಬರುವುದು ಹೆದರಿಕೆ, ಆಮೇಲೆ ಸಂತೋಷ. ನೀನು ಹತ್ತಿರವಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅನ್ನಿಸುತ್ತದೆ. ಇನ್ನೊಂದು ತಿಂಗಳು ಹೀಗೇ ಬಂದರೆ ಬಂದುಬಿಡುತ್ತೇನೆ.

ನಿನ್ನ ಸುಮನಾ


ಶಿವನಿ
೨೨ ಅಕ್ಟೋಬರ್ ೨೦೨೪

ಸುಮನಾ,

ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಅದರ ಜತೆಗೆ ನಿನ್ನ ಲೆಕ್ಕದ ಮೂರನೇ ತಿಂಗಳ ಬಾಟಲಿ. ಡಬ್ಬಿ ಭಾರವಾಯಿತೆಂದು ಮೇಷ್ಟ್ರು ಗೊಣಗಿದರು, ಅವರಿಗೂ ಎರಡು ಮಿಠಾಯಿ ಕೊಟ್ಟು ಬಾಯಿ ಮುಚ್ಚಿಸಿದ್ದೇನೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದು ಹೇಳಿದರೆ ನಗುತ್ತೀಯ. ಅಟ್ಟದಿಂದ ತೊಟ್ಟಿಲು ಇಳಿಸಿ, ತೊಳೆದು, ಎಣ್ಣೆ ಹಚ್ಚಿದ್ದೇನೆ. ನಿಮ್ಮಪ್ಪ ಒಳಕೋಣೆಗೆ ಸುಣ್ಣ ಹೊಡೆದರು. ಬಾಗಿಲ ಹಿಂದಿನ ಅಂಕಿಗಳನ್ನು ಮಾತ್ರ ಅಳಿಸಲಿಲ್ಲ, ಅಷ್ಟು ಜಾಗ ಬಿಟ್ಟು ಹೊಡೆದಿದ್ದಾರೆ. ನನ್ನ ಹತ್ತಿರ ಅವರು ಮಾತಾಡಿ ಬಹಳ ದಿನವಾಗಿತ್ತು. ನಾನು ಅವರನ್ನು ಮಾತಾಡಲು ಬಿಡುವುದೂ ಇಲ್ಲ ಅನ್ನು. ಮದುವೆ ದಿನದ ಆ ಹಸಿ ನೀರಿನ ಮಾತು ವಾರಕ್ಕೊಮ್ಮೆಯಾದರೂ ನನ್ನ ಬಾಯಿಂದ ಬಿದ್ದೇ ಬೀಳುತ್ತದೆ, ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋಗಿಬಿಡುತ್ತಾರೆ. ಮೊನ್ನೆ ಮಾತ್ರ ಬ್ರಷ್ಷು ಕೆಳಗಿಟ್ಟು ತಾವೇ ಅಂದರು:

“ಈ ಸಲ ಬಂದೇ ಬತ್ತಾಳೆ ಕಣೇ. ನೀರು ಒಳ್ಳೇದಾಗ್ತೈತೆ.”

ನಾನು ಹೂಂ ಎಂದೆ. ಜಗಳವಾಡಲು ಮನಸ್ಸು ಬರಲಿಲ್ಲ.

ಅಮ್ಮ


ಕಡೂರು
೮ ನವೆಂಬರ್ ೨೦೨೪

ಅಮ್ಮ,

೬೬.

ಇದನ್ನು ಹೇಗೆ ಬರೆಯಲಿ ಎಂದು ನಾಲ್ಕು ದಿನ ಸುಮ್ಮನಿದ್ದೆ. ಮಳೆ ನಿಂತಿತು, ಅಂಕಿ ಏರಿತು. ಇನ್ನು ಏರುತ್ತಲೇ ಹೋಗುತ್ತದೆ. ಮೂರು ತಿಂಗಳು ನಾವು ನೋಡಿದ್ದು ನೆಲದ ನೀರಲ್ಲ, ಅದರ ಮೇಲೆ ಬಿದ್ದ ಮಳೆ.

ಮಾನ್ಯಾ ಎಂಬ ಹುಡುಗಿ ವಿಶ್ವವಿದ್ಯಾಲಯದಿಂದ ಸಂಶೋಧನೆಗೆ ಬಂದಿದ್ದಾಳೆ. ನೆಲದೊಳಗಿನ ನೀರಿಗೆ ಎಷ್ಟು ವಯಸ್ಸು ಎಂದು ಕಂಡುಹಿಡಿಯುವುದು ಅವಳ ಕೆಲಸ. ಬೇಸಿಗೆಯಲ್ಲಿ ಸೀಗೆಹಳ್ಳದ ನೀರನ್ನೂ ಒಯ್ದಿದ್ದಳು. ಅದು ಸುಮಾರು ಇಪ್ಪತ್ತಾರು ವರ್ಷದ ಹಿಂದೆ ಬಿದ್ದ ಮಳೆಯಂತೆ. ಹೊಲದ ಗೊಬ್ಬರವನ್ನು ಕರಗಿಸಿಕೊಂಡು ಕೆಳಗಿಳಿದು, ಬಂಡೆಯ ಸೀಳುಗಳಲ್ಲಿ ಅಷ್ಟು ವರ್ಷ ತೆವಳಿ, ಈಗ ಹಳ್ಳಕ್ಕೆ ಬರುತ್ತಿದೆ. ಅಪ್ಪ ಯೂರಿಯಾ ನಿಲ್ಲಿಸಿದ ಮೇಲೆ ಬಿದ್ದ ಮಳೆ ಇನ್ನೂ ನಮ್ಮ ಹೊಲದ ಅಡಿಯಲ್ಲೇ ಇದೆ. ಈಗ ಬರುತ್ತಿರುವುದು ನಾನು ಹುಟ್ಟಿದ ವರ್ಷ ಹಾಕಿದ ಗೊಬ್ಬರ. ಅದರ ಹಿಂದೆ ಇಪ್ಪತ್ತು ಚಿಲ್ಲರೆ ವರ್ಷದ ಗೊಬ್ಬರ ಸಾಲಾಗಿ ನಿಂತಿದೆ.

ಅಪ್ಪನಿಗೆ ಇದನ್ನು ಓದಿ ಹೇಳಬೇಡ. ನಾನು ಬರುವುದಿಲ್ಲ. ಕ್ಯಾನ್ ನೀರಿನ ಮಾತೂ ಬೇಡ, ಕ್ಯಾನ್ ಖಾಲಿಯಾದ ದಿನ ನೀನು ಒರತೆಗೇ ಹೋಗುತ್ತೀಯ.

ಸುಮನಾ


ಶಿವನಿ
೫ ಡಿಸೆಂಬರ್ ೨೦೨೪

ಸುಮನಾ,

ನೀನು ಬೇಡವೆಂದರೂ ನಿಮ್ಮಪ್ಪ ಕಾಗದ ತೆಗೆದು ಓದಿಕೊಂಡರು. ನೀನು ಹುಟ್ಟಿದ ವರ್ಷ ಈರುಳ್ಳಿ ಹೊಲಕ್ಕೆ ಮೂಟೆ ಮೇಲೆ ಮೂಟೆ ಸುರಿದರು, ಗೆಡ್ಡೆ ಒಂದೊಂದೂ ತೆಂಗಿನ ಚಿಪ್ಪಿನಷ್ಟು ದಪ್ಪ ಬಂತು. ನಿನ್ನ ತೊಟ್ಟಿಲು ಮಾಡಿಸಿದ್ದು ಆ ಬೆಳೆಯಲ್ಲೇ. ಅದನ್ನೇ ಹೇಳುತ್ತಾ ಎರಡು ದಿನ ಜಗಲಿ ಬಿಟ್ಟು ಏಳಲಿಲ್ಲ.

ಹೀಗೆ ಕೂತರೆ ಆಗುವುದಿಲ್ಲ. ನೀರಿಗೆ ವಯಸ್ಸಾಗಿದ್ದರೆ ಆಗಲಿ. ಈ ಸಲ ಬಾಟಲಿ ತುಂಬುವ ಮುಂಚೆ ನಾನು ಒಂದು ಕೆಲಸ ಮಾಡಿದ್ದೇನೆ. ಏನೆಂದು ಈಗ ಹೇಳುವುದಿಲ್ಲ. ನಿನ್ನ ಮೆಷಿನ್ ಏನು ಹೇಳುತ್ತದೋ ನೋಡು, ಆಮೇಲೆ ಮಾತಾಡೋಣ.

ಅಕ್ಷತಾಗೆ ಗಂಡು ಮಗು. ದಿನಾ ನೀರು ಹಾಕಿ ಬರುತ್ತಿದ್ದೇನೆ.

ಅಮ್ಮ


ಕಡೂರು
೧೩ ಡಿಸೆಂಬರ್ ೨೦೨೪

ಅಮ್ಮ,

೧೮೯. ಮೂರು ಸಲ ನೋಡಿದೆ, ಮೂರು ಸಲವೂ ಅದೇ. ಆ ಹಳ್ಳದಲ್ಲಿ ನೂರು ದಾಟಿದ್ದೇ ಇಲ್ಲ. ನೀರಿಗೆ ಏನು ಮಾಡಿದೆ? ತಕ್ಷಣ ಬರೆ.

ಸುಮನಾ


ಶಿವನಿ
೧೬ ಡಿಸೆಂಬರ್ ೨೦೨೪

ಸುಮನಾ,

ನಿನ್ನ ಮೆಷಿನ್ ಕೆಟ್ಟಿದೆ, ರಿಪೇರಿ ಮಾಡಿಸು.

ಮಾಡಿದ್ದೇನು ಗೊತ್ತೇ? ಕುದಿಸಿ ಕಳಿಸಿದೆ. ಸುಮ್ಮನೆ ಒಂದು ಕುದಿ ಬರಿಸಿದ್ದಲ್ಲ, ಪಾಪುವಿಗೆ ಮಾಡುತ್ತಿದ್ದ ಹಾಗೆ ಎರಡು ಚೊಂಬು ನೀರು ಒಂದು ಚೊಂಬಾಗುವವರೆಗೆ ಬತ್ತಿಸಿ, ಮೂರು ಮಡಿಕೆ ಬಟ್ಟೆಯಲ್ಲಿ ಸೋಸಿ. ನಮ್ಮಮ್ಮ ಬಾಣಂತಿಗೆ ಒಂದು ಕುದಿ ಬರಿಸುತ್ತಿದ್ದಳು ಅಷ್ಟೇ. ಅರ್ಧಕ್ಕೆ ಬತ್ತಿಸುವುದು ನನ್ನದೇ ಕಟ್ಟುನಿಟ್ಟು, ಅದೂ ಪುಡಿಹಾಲು ಕುಡಿಯುವ ಕೂಸೆಂದು. ನೀನು ಒಳಕೋಣೆಯಲ್ಲಿ ಬೆಚ್ಚಗೆ ಮಲಗಿದ್ದೆ, ಒಲೆಯ ಮುಂದೆ ನಾನು ಪಟ್ಟ ಪಾಡು ನೋಡಿಲ್ಲ. ಮಗುವಿನ ತುಟಿಯ ಬಣ್ಣ ತಿರುಗಿದ ಮೇಲೆ ಅರ್ಧವೂ ಸಾಲದೆಂದು ಕಾಲು ಭಾಗಕ್ಕೆ ಬತ್ತಿಸಿದೆ. ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುತ್ತಿತ್ತು, ಅದನ್ನು ಉಜ್ಜಿ ಉಜ್ಜಿ ತೊಳೆದು ಮತ್ತೆ ಇಡುತ್ತಿದ್ದೆ. ಅಷ್ಟು ಮಾಡಿದವಳು ನಾನು.

ಕುದಿಸಿದ ನೀರು ಒಳ್ಳೆಯದೆಂದು ನಿನ್ನ ಲ್ಯಾಬಿನ ಬಾಯಿಂದಲೇ ಹೇಳಿಸಿ ನಿನ್ನನ್ನು ಕರೆಸಿಕೊಳ್ಳೋಣ ಎಂದುಕೊಂಡಿದ್ದೆ. ಅದಕ್ಕೇ ಹೀಗೆ ಮಾಡಿದ್ದು. ಇನ್ನೊಂದು ಸಲ ಸರಿಯಾಗಿ ನೋಡು.

ಅಮ್ಮ


ಕಡೂರು
೨೬ ಡಿಸೆಂಬರ್ ೨೦೨೪

ಅಮ್ಮ,

ಉತ್ತರ ತಡವಾಯಿತು, ಮೈ ಸರಿಯಿರಲಿಲ್ಲ. ಬಾಟಲಿಯಲ್ಲಿ ಸೋಪು ಉಳಿದಿತ್ತು, ಅದಕ್ಕೇ ಅಂಕಿ ಹಾಗೆ ಬಂದಿದೆ. ಬೇರೇನೂ ಅಲ್ಲ. ನೀನು ಏನೂ ಯೋಚನೆ ಮಾಡಬೇಡ.

ಒಂದು ಮಾತು. ಅಕ್ಷತಾಳ ಮಗುವಿಗೆ ನೀರು ಕುದಿಸಿ ಕೊಡಬೇಡ. ಅವರಿಗೆ ಕ್ಯಾನ್ ನೀರು ತರಿಸಲು ಹೇಳು. ಕಾರಣ ಕೇಳಬೇಡ, ಹೇಳಿದಷ್ಟು ಮಾಡು.

ಹೆರಿಗೆ ಇಲ್ಲೇ ಆಗಲಿ.

ಸುಮನಾ


ಶಿವನಿ
೬ ಜನವರಿ ೨೦೨೫

ಸುಮನಾ,

ಏಳು ತಿಂಗಳಿಂದ ಆ ಬಾಟಲಿಗೆ ನಾನು ಸೋಪು ಮುಟ್ಟಿಸಿಲ್ಲ. ನೀನೇ ಹೇಳಿಕೊಟ್ಟಂತೆ ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲುತ್ತೇನೆ. ನಿನಗೆ ಚಿಕ್ಕಂದಿನಿಂದಲೂ ಸುಳ್ಳು ಹೇಳಲು ಬರುವುದಿಲ್ಲ.

ಮೊನ್ನೆ ಮಧ್ಯಾಹ್ನ ಸಾರನ್ನು ಒಲೆಯ ಮೇಲಿಟ್ಟು ಮರೆತೆ. ನಿಮ್ಮಪ್ಪ ಒಂದು ತುತ್ತು ಬಾಯಿಗಿಟ್ಟು, ಉಪ್ಪು ಎರಡು ಸಲ ಹಾಕಿಬಿಟ್ಟೆಯಾ ಎಂದು ಕೇಳಿದರು. ಇಲ್ಲ, ಕುದ್ದು ಕುದ್ದು ನೀರು ಹೋಗಿದೆ, ಉಪ್ಪು ಹಾಗೇ ಉಳಿದಿದೆ ಎಂದು ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ಸೌಟು ಕೈಯಲ್ಲೇ ಇತ್ತು. ತೊಂಬತ್ತನಾಲ್ಕೋ ತೊಂಬತ್ತೈದೋ ಇದ್ದದ್ದು ಅರ್ಧಕ್ಕೆ ಬತ್ತಿದರೆ ಎಷ್ಟಾಗುತ್ತದೆಂದು ಎಸ್ಸೆಸ್ಸೆಲ್ಸಿ ಓದಿದವಳಿಗೆ ತಿಳಿಯದೇ? ಕಾಲು ಭಾಗಕ್ಕೆ ಬತ್ತಿಸಿದ್ದನ್ನು ಲೆಕ್ಕ ಹಾಕಲು ಮಾತ್ರ ನನಗೆ ಧೈರ್ಯವಿಲ್ಲ. ಮೂವತ್ತೈದು ವರ್ಷ ಒಲೆಯ ಮುಂದೆ ನಿಂತವಳಿಗೆ ಸಾರಿನಲ್ಲಿ ಗೊತ್ತಿದ್ದದ್ದು ನೀರಿನಲ್ಲಿ ಗೊತ್ತಾಗಲಿಲ್ಲ.

ಮಗುವಿಗೆ ನಲವತ್ತೊಂದು ದಿನದಲ್ಲಿ ಸಿಕ್ಕ ಕಮ್ಮಿ ವಿಷದ ನೀರು ನಿಮ್ಮಪ್ಪ ಕೊಟ್ಟ ಆ ಒಂದು ದಿನದ್ದು. ಅದಕ್ಕಾಗಿ ಆ ಮನುಷ್ಯನನ್ನು ಮೂರು ವರ್ಷ ಚುಚ್ಚಿದೆ. ಎಲ್ಲವನ್ನೂ ಅವರ ಕಾಲ ಬಳಿ ಕೂತು ಹೇಳಿದೆ. ಬೈಯಲಿ ಎಂದು ಕಾದೆ. ಅವರು ಊಟದ ತಟ್ಟೆ ಸರಿಸಿ ಅಂದರು:

“ಹೊಲಕ್ಕೆ ಸುರಿದೋನು ನಾನು, ಒಲೆ ಮೇಲಿಟ್ಟೋಳು ನೀನು. ಈಗ ಯಾರ್ನ ಯಾರು ಕೇಳೋದು, ಬಿಡೇ.”

ಬಿಡು ಎಂದರೆ ಬಿಟ್ಟುಹೋಗುವ ಸಂಗತಿಯೇ ಅದು? ಅವರು ಒಂದು ಮಾತು ಬೈದಿದ್ದರೆ ನನಗೆ ಉಸಿರಾಡಲು ಆಗುತ್ತಿತ್ತು.

ನಿನ್ನೆ ತೀರ್ಥಮ್ಮನ ಮನೆಗೆ ಹೋದೆ. ಅಕ್ಷತಾಗೆ ಹಾಲು ಚೆನ್ನಾಗಿದೆ, ನೀರು ಕೊಟ್ಟಿರುವುದು ಕಡಿಮೆ, ಆ ಮಗುವಿಗೆ ಏನೂ ಆಗಿಲ್ಲ. ಆದರೂ ಅವರೆಲ್ಲರ ಎದುರಿಗೆ ನನ್ನ ಮೊಮ್ಮಗ ಹೇಗೆ ಹೋದನೆಂದು ಹೇಳಿದೆ, ಕ್ಯಾನ್ ನೀರು ತರಿಸಿ ಎಂದೆ. ಮಗು ನನ್ನ ಕಾಲ ಮೇಲಿತ್ತು. ತೀರ್ಥಮ್ಮ, ಅಷ್ಟು ಬಾಯಿಯ ತೀರ್ಥಮ್ಮ, ಒಂದು ಮಾತೂ ಆಡದೆ ಮಗುವನ್ನು ಎತ್ತಿಕೊಂಡು ಒಳಗೆ ಹೋದ ಹೆಂಗಸು ಹೊರಗೆ ಬರಲಿಲ್ಲ. ನಾನು ಎದ್ದು ಬಂದೆ. ಅವಳದು ತಪ್ಪಲ್ಲ.

ತೊಟ್ಟಿಲು ಅಟ್ಟಕ್ಕೆ ಏರಿಸಿದೆವು. ನೀನು ಬರಬೇಡ. ನನ್ನನ್ನು ಕರೆಯಲೂ ಬೇಡ. ಕ್ಷಮಿಸು ಎಂದು ಬರೆಯಲು ಹೋದರೆ ಅದು ಬಹಳ ಚಿಕ್ಕ ಮಾತೆನಿಸುತ್ತದೆ, ಆದರೂ ಬರೆದಿದ್ದೇನೆ. ಬಾಟಲಿ ಇದರ ಜತೆಗೇ ಇದೆ. ಹಸಿ ನೀರು.

ಅಮ್ಮ


ಕಡೂರು
೨ ಫೆಬ್ರವರಿ ೨೦೨೫

ಅಮ್ಮ,

ಜನವರಿ ಹತ್ತೊಂಬತ್ತಕ್ಕೆ ಹೆಣ್ಣು ಮಗುವಾಯಿತು. ಎರಡೂಮುಕ್ಕಾಲು ಕೆ.ಜಿ. ಈ ಸಲ ಹಾಲು ಸಾಕಾಗುತ್ತಿದೆ. ತುಟಿ ಕೆಂಪಗಿದೆ, ಗಳಿಗೆಗೊಮ್ಮೆ ಬೆಳಕಿಗೆ ಹಿಡಿದು ನೋಡುತ್ತೇನೆ.

ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲವೆಂದು ನಾನು ಜೂನ್‌ನಲ್ಲೇ ಬರೆಯಬೇಕಿತ್ತು. ಅದೊಂದೇ ನಿನಗಿದ್ದ ಸಮಾಧಾನ, ಕಿತ್ತುಕೊಳ್ಳುವುದು ಯಾಕೆ ಎಂದು ಸುಮ್ಮನಾದೆ. ನೀನೂ ಒಂದು ಕುದಿ ಬರಿಸುತ್ತಿದ್ದೆ ಎಂದುಕೊಂಡಿದ್ದೆ. ಡಿಸೆಂಬರಿನ ನಿನ್ನ ಕಾಗದ ಬರುವವರೆಗೆ ನನಗೂ ಗೊತ್ತಿರಲಿಲ್ಲ.

ನಿನ್ನ ತಪ್ಪಲ್ಲ ಎಂದು ನಾಲ್ಕು ಸಲ ಬರೆದು ಹರಿದೆ. ಅದು ನಿಜವೇ. ನೀನು ಪ್ರೀತಿಯಿಂದಲೇ ಮಾಡಿದೆ, ಅದೂ ನಿಜ. ಆದರೆ ಇವಳನ್ನು ನಿನ್ನ ಕಾಲ ಮೇಲೆ ಮಲಗಿಸುವುದನ್ನು ನೆನೆದರೆ ನನ್ನ ಮೈ ತಣ್ಣಗಾಗುತ್ತದೆ. ಎಷ್ಟು ಹೇಳಿಕೊಂಡರೂ ಅದು ಹೋಗುತ್ತಿಲ್ಲ. ಅಪ್ಪನಿಗೂ ಹೇಳು, ನೋಡಲು ಬರಬೇಡಿ. ನೀವು ಬಂದು ಬಾಗಿಲಲ್ಲಿ ನಿಂತರೆ ಒಳಗೆ ಕರೆಯದಿರಲು ನನ್ನಿಂದಾಗುವುದಿಲ್ಲ, ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ.

ಅಪ್ಪ ಯೂರಿಯಾ ನಿಲ್ಲಿಸಿದ ವರ್ಷದ ಮಳೆ ಹಳ್ಳಕ್ಕೆ ಬರುವ ಹೊತ್ತಿಗೆ ಇವಳಿಗೆ ಇಪ್ಪತ್ತಮೂರು. ಹೆಚ್ಚುಕಡಿಮೆ ನನಗೆ ಪಾಪು ಹುಟ್ಟಿದ ವಯಸ್ಸು. ಅಲ್ಲಿಯವರೆಗೆ ತಿಂಗಳಿಗೊಂದು ಬಾಟಲಿ ಕಳಿಸುತ್ತಿರು. ನೀರಿಗೆ ಏನೂ ಮಾಡಬೇಡ, ಹೇಗಿದೆಯೋ ಹಾಗೇ ಕಳಿಸು. ನಾನು ಅಂಕಿ ಬರೆದು ಕಳಿಸುತ್ತೇನೆ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ನಾನು ರಜೆಯಲ್ಲಿರುವುದರಿಂದ ಈ ಸಲದ್ದನ್ನು ಲ್ಯಾಬಿನ ಗೆಳತಿ ನೋಡಿದಳು. ಜನವರಿ ನೀರು ೯೮.

ಸುಮನಾ